ಮೊಬೈಲ್ ವಿಡಿಯೊ ಮತ್ತು ಕಾಲುವೆಯ ಗೇಜ್ ಪುಸ್ತಕ

ಮಾನ್ಯ ಸಂಪಾದಕರಿಗೆ,

ವಂದನೆಗಳು.

ಇಂದಿನ ಚಳವಳಿಗಳೆಲ್ಲ ಮೊಬೈಲಿನಲ್ಲಿಯೇ ಹುಟ್ಟುತ್ತವೆ, ಸಭೆ, ಕರಪತ್ರ, ಮನೆಮನೆ ಭೇಟಿಗಳ ಕಾಲ ಮುಗಿದುಹೋಯಿತು ಎಂಬ ಮಾತು ತಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಈಚೆಗೆ ಮತ್ತೆ ಮತ್ತೆ ಕಾಣಿಸುತ್ತಿದೆ. ನೇಪಾಳದ ಯುವಕರು ಎರಡೇ ದಿನಗಳಲ್ಲಿ ಪ್ರಧಾನಿಯನ್ನು ಕೆಳಗಿಳಿಸಿದ್ದನ್ನು ಕಂಡ ಮೇಲೆ ಈ ನಂಬಿಕೆ ಇನ್ನಷ್ಟು ಗಟ್ಟಿಯಾಗಿದೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾಗಿ, ಈಗ ಮಾನ್ವಿ ತಾಲ್ಲೂಕಿನ ನಮ್ಮೂರಿನಲ್ಲಿ ನಾಲ್ಕು ಎಕರೆ ಹೊಲ ನೋಡಿಕೊಂಡಿರುವ ನನಗೆ ಈ ಮಾತನ್ನು ಒಪ್ಪಲು ಆಗುತ್ತಿಲ್ಲ. ಸಾಮಾಜಿಕ ಜಾಲತಾಣದಿಂದ ಏನೂ ಆಗುವುದಿಲ್ಲ, ಅದು ಹುಡುಗರ ಹೊತ್ತು ಕಳೆಯುವ ಸಾಧನ ಎನ್ನುವ ನನ್ನ ಓರಗೆಯವರ ಮಾತನ್ನೂ ನಾನು ಒಪ್ಪಲಾರೆ. ಜಾಲತಾಣವು ಸುದ್ದಿಯನ್ನು ಹೊತ್ತು ಸಾಗಿಸುತ್ತದೆ, ಒಂದು ದಿನದ ಮಟ್ಟಿಗೆ ಜನರನ್ನು ಕರೆದು ತರಲೂಬಲ್ಲದು. ಆದರೆ ಬಂದ ಜನ ನಾಳೆಯೂ ಬರಬೇಕಾದರೆ, ಬೇಡಿಕೆ ಈಡೇರುವವರೆಗೆ ಬಿಸಿಲಲ್ಲಿ ಕುಳಿತಿರಬೇಕಾದರೆ ಬೇಕಾಗುವುದು ಬೇರೆಯೇ. ಅದೇನೆಂಬುದನ್ನು ನಾನು ಕಲಿತದ್ದು ಕಾಲುವೆಯ ದಂಡೆಯ ಮೇಲೆ.

ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದದ್ದು. ಮುನಿರಾಬಾದಿನ ಬಳಿ ಹೊರಟ ನೀರು ಗಂಗಾವತಿ, ಕಾರಟಗಿ, ಸಿಂಧನೂರುಗಳ ಭತ್ತದ ಗದ್ದೆಗಳನ್ನು ದಾಟಿ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೊನೆ ಭಾಗಕ್ಕೆ ಬರುವಷ್ಟರಲ್ಲಿ ಸೊರಗಿಹೋಗಿರುತ್ತದೆ. ಆದ್ದರಿಂದ ನಮ್ಮ ರೈತರ ಬಾಯಲ್ಲಿ ಕಾಲುವೆಯ ನೀರಿನ ಮಟ್ಟ ಅಳೆಯುವ ‘ಗೇಜ್’ ಎಂಬ ಪದ ಮಳೆ, ಬೆಳೆ ಎಂಬ ಪದಗಳಷ್ಟೇ ಸಲೀಸಾಗಿ ಬರುತ್ತದೆ. ಕಾಲುವೆಯ 104ನೇ ಮೈಲಿನಲ್ಲಿ ಇವತ್ತು ಎಷ್ಟು ಅಡಿ ನೀರಿದೆ ಎಂಬುದು ಇಲ್ಲಿ ಓದು ಬಾರದವನಿಗೂ ಗೊತ್ತಿರುವ ಲೆಕ್ಕ. ಕೆಲವು ವರ್ಷಗಳ ಹಿಂದೆ ನಮ್ಮ ಉಪಕಾಲುವೆಗೆ ಹದಿನೆಂಟು ದಿನ ನೀರು ಬರಲಿಲ್ಲ. ಹತ್ತಿ ಬಾಡಿತು, ಮೆಣಸಿನ ಗಿಡ ಹೂವು ಉದುರಿಸಿತು. ಆಗ ನಮ್ಮೂರಿನ ಹುಡುಗನೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ಬಿರುಕು ಬಿಟ್ಟ ಕಾಲುವೆಯ ತಳದಲ್ಲಿ ನಿಂತು ಮೂರು ನಿಮಿಷದ ಒಂದು ವಿಡಿಯೊ ಮಾಡಿ ಹಾಕಿದ. ಅವನು ಚೆನ್ನಾಗಿ ಮಾತನಾಡಿದ್ದ. ಅವನ ತಾಯಿ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದುದೂ ಅದರಲ್ಲಿತ್ತು. ಎರಡು ದಿನಗಳಲ್ಲಿ ಆ ವಿಡಿಯೊ ನಾವು ಹೆಸರು ಕೇಳದ ಊರುಗಳ ಗುಂಪುಗಳಿಗೆಲ್ಲ ಹೋಯಿತು. ಬೆಂಗಳೂರಿನಿಂದ, ಮಂಗಳೂರಿನಿಂದ ಅವನಿಗೆ ಕರೆಗಳು ಬಂದವು. ನಾವೆಲ್ಲ ಇನ್ನು ನೀರು ಬಂದೇ ಬಿಡುತ್ತದೆ ಎಂದುಕೊಂಡೆವು.

ನೀರು ಬರಲಿಲ್ಲ. ಅದರ ಬದಲು ಬಂದದ್ದು ಬೈಗುಳ. ವಿಡಿಯೊದ ಕೆಳಗೆ ಮೇಲ್ಭಾಗದ ರೈತರು ನಮ್ಮನ್ನು, ನಮ್ಮವರು ಮೇಲ್ಭಾಗದವರನ್ನು ಬಾಯಿಗೆ ಬಂದಂತೆ ಬರೆದುಕೊಂಡರು. ಮುಖ ಕಾಣದ ಜಾಗದಲ್ಲಿ ಮನುಷ್ಯನ ನಾಲಿಗೆ ಎಷ್ಟು ಉದ್ದವಾಗುತ್ತದೆ ಎಂಬುದನ್ನು ಕಂಡು ನನಗೆ ದಿಗಿಲಾಯಿತು, ಏಕೆಂದರೆ ನಮ್ಮೂರಿನ ಎಷ್ಟೋ ಹೆಣ್ಣುಮಕ್ಕಳನ್ನು ನಾವು ಕೊಟ್ಟಿರುವುದು ಕಾರಟಗಿ, ಸಿಂಧನೂರಿನ ಕಡೆಗೇ. ಅಲ್ಲಿ ಬೈದುಕೊಂಡವರಲ್ಲಿ ಬೀಗರು ಬೀಗರೇ ಇದ್ದರು. ಸಂಬಂಧಪಟ್ಟ ಕಚೇರಿಗೆ ನಾವು ಹೋದಾಗ ಅಲ್ಲಿಯ ಅಧಿಕಾರಿಯೊಬ್ಬರು ತಾಳ್ಮೆಯಿಂದಲೇ ಮಾತನಾಡಿದರು, ಆದರೆ ಒಂದೇ ಮಾತಿಗೆ ವಿಡಿಯೊವನ್ನು ಬದಿಗಿಟ್ಟರು. ಅದು ಯಾವ ವರ್ಷದ್ದೋ, ಯಾವ ಕಾಲುವೆಯದೋ, ಇಂಥವು ದಿನಕ್ಕೆ ಹತ್ತು ಬರುತ್ತವೆ ಎಂದರು. ನಮ್ಮ ಹುಡುಗನ ಮುಖ ಸಣ್ಣದಾಯಿತು.

ಆ ಹೊತ್ತಿನಲ್ಲಿ ನಮ್ಮ ಜೊತೆ ಬಂದಿದ್ದ ಹಿರಿಯ ರೈತರೊಬ್ಬರು ಧೋತರದ ಗಂಟು ಬಿಚ್ಚಿ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದರು. ಹೊರಗೆ ನಿಂತಿದ್ದಾಗ ಅವರು ನನಗೆ ಹೇಳಿದ್ದ ಮಾತು ಇಷ್ಟೇ: “ಸರ, ವಿಡಿಯೊ ಹಳೇದು ಅಂದ್ರ ಅನ್ಲಿ, ಈ ಬುಕ್ಕಿಗೆ ಏನಂತಾರ ನೋಡೂಣು.” ಅವರು ನಾಲ್ಕು ವರ್ಷಗಳಿಂದ ದಿನಾ ಬೆಳಿಗ್ಗೆ ಎತ್ತುಗಳಿಗೆ ನೀರು ಕುಡಿಸಲು ಹೋದಾಗ ಉಪಕಾಲುವೆಯ ಗೇಜ್ ಓದಿ, ಮನೆಗೆ ಬಂದು ಮೊಮ್ಮಗಳ ಕೈಯಿಂದ ತಾರೀಖು ಹಾಕಿಸಿ ಬರೆಸುತ್ತಿದ್ದರು. ಯಾವ ದಿನ ಎಷ್ಟು ಅಡಿ, ಎಷ್ಟು ಅಂಗುಲ, ಯಾವ ತೂಬಿನ ಬಾಗಿಲು ಮುರಿದಿತ್ತು, ಯಾವ ದಿನ ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್ ಬಂದಿದ್ದ, ಎಲ್ಲವೂ ಅದರಲ್ಲಿತ್ತು. ಅಧಿಕಾರಿ ತಮ್ಮ ದಾಖಲೆ ತರಿಸಿ ಪಕ್ಕದಲ್ಲಿಟ್ಟು ನೋಡಿದರು. ಹನ್ನೊಂದು ದಿನಗಳ ಲೆಕ್ಕ ಹೊಂದಲಿಲ್ಲ. ಅಂದು ನಡೆದ ಮಾತುಕತೆಯ ದಾರಿ ಅಲ್ಲಿಂದ ಬೇರೆಯಾಯಿತು. ಆಮೇಲೂ ಐದು ಊರುಗಳ ಜನ ಎರಡು ದಿನ ರಸ್ತೆಯಲ್ಲಿ ಕುಳಿತುಕೊಳ್ಳಬೇಕಾಯಿತು ಎಂಬುದು ನಿಜ. ಆದರೆ ಏನು ಕೇಳಬೇಕು, ಯಾರನ್ನು ಕೇಳಬೇಕು, ಎಷ್ಟು ಕೇಳಬೇಕು ಎಂಬುದು ಆ ಪುಸ್ತಕದಿಂದ ಗೊತ್ತಾಗಿತ್ತು. ನಾಲ್ಕನೆಯ ದಿನ ನೀರು ಬಂತು.

ಈ ಪ್ರಸಂಗದಿಂದ ವಿಡಿಯೊ ವ್ಯರ್ಥವಾಯಿತು ಎಂಬ ತೀರ್ಮಾನಕ್ಕೆ ಬಂದರೆ ನಾನು ಆ ಹುಡುಗನಿಗೆ ಅನ್ಯಾಯ ಮಾಡಿದಂತಾಗುತ್ತದೆ. ರಸ್ತೆಯಲ್ಲಿ ಐದು ಊರುಗಳ ಜನ ಸೇರಿದ್ದರ ಹಿಂದೆ ಆ ವಿಡಿಯೊ ಇತ್ತು, ಆದರೆ ನಾವು ಊಹಿಸಿದ ರೀತಿಯಲ್ಲಿ ಅಲ್ಲ. ನಮ್ಮ ಭಾಗದಿಂದ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುವ ಸಾವಿರಾರು ಜನರಿಗೆ ಊರಿನ ಸುದ್ದಿ ತಲುಪುವುದು ವಾಟ್ಸ್‌ಆ್ಯಪಿನಿಂದ. ಅವರು ಆ ವಿಡಿಯೊ ನೋಡಿ ರಾತ್ರಿ ತಮ್ಮ ತಮ್ಮ ಮನೆಗಳಿಗೆ ಫೋನ್ ಮಾಡಿದರು. ಅಪ್ಪನಿಗೆ, ಕಾಕಾನಿಗೆ, ಮನೆಯಲ್ಲಿರುವ ಹೆಂಡತಿಗೆ ‘ನಾಳೆ ನೀವೂ ಹೋಗಿ ಕೂಡ್ರಿ’ ಎಂದರು. ಅವರೇ ಬರಲು ಆಗದವರು ಫೋನ್‌ಪೇಯಲ್ಲಿ ನೂರು, ಇನ್ನೂರು ಕಳಿಸಿದರು. ಶಾಮಿಯಾನದ ಬಾಡಿಗೆ, ಎರಡು ಹೊತ್ತಿನ ಅನ್ನ ಸಾರು ಅದರಿಂದಲೇ ಆಯಿತು. ಗೊತ್ತಿಲ್ಲದ ಸಾವಿರಾರು ಜನ ನೋಡಿದ್ದರಿಂದ ನಮಗೆ ಒಂದು ಚಟ್ಟಿ ಮಣ್ಣಿನಷ್ಟೂ ಪ್ರಯೋಜನವಾಗಲಿಲ್ಲ; ಗೊತ್ತಿರುವ ಮುನ್ನೂರು ಜನ ನೋಡಿದ್ದರಿಂದ ಹೋರಾಟ ಗಟ್ಟಿಯಾಗಿ ನಿಂತಿತು. ಸಾಮಾಜಿಕ ಜಾಲತಾಣದ ಬಗ್ಗೆ ನಡೆಯುವ ಚರ್ಚೆಯಲ್ಲಿ ಈ ವ್ಯತ್ಯಾಸವನ್ನು ಯಾರೂ ಎತ್ತಿ ಹೇಳುವುದಿಲ್ಲ ಎಂಬುದೇ ನನ್ನ ಮುಖ್ಯ ಅಹವಾಲು.

ನಮ್ಮ ನೆರೆಯ ಕೊಪ್ಪಳದಲ್ಲಿ 2025ರ ಫೆಬ್ರುವರಿ 24ರಂದು ನಡೆದ ಬಂದ್ ಅನ್ನು ನೋಡಿ. ಊರಿಗೆ ಹತ್ತಿಕೊಂಡಂತೆಯೇ ಬೃಹತ್ ಉಕ್ಕಿನ ಕಾರ್ಖಾನೆಯನ್ನು ವಿಸ್ತರಿಸುವುದರ ವಿರುದ್ಧ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಭಾವುಕರಾಗಿ ಆಡಿದ ಮಾತುಗಳು ಅಂದು ಸಂಜೆಯೊಳಗೆ ರಾಜ್ಯದ ಮೂಲೆ ಮೂಲೆಗೆ ತಲುಪಿದವು. ಕಾಮಗಾರಿ ನಿಲ್ಲಿಸುವಂತೆ ಮುಖ್ಯಮಂತ್ರಿಯವರು ಸೂಚಿಸಿದ್ದು ಅದಾದ ಕೆಲವೇ ದಿನಗಳಲ್ಲಿ. ಇದು ಜಾಲತಾಣದ ಗೆಲುವು ಎಂದು ಅನೇಕರು ಬರೆದರು. ಆದರೆ ಅಂದು ಅಂಗಡಿ ಮುಚ್ಚಿ ಬೀದಿಗೆ ಬಂದ ಜನ ಸ್ವಾಮೀಜಿಯವರನ್ನು ಮೊದಲು ಕಂಡದ್ದು ಮೊಬೈಲಿನಲ್ಲೇ? 2019ರಲ್ಲಿ ಹಿರೇಹಳ್ಳದ ಹೂಳು, ಜಾಲಿಗಿಡಗಳನ್ನು ತೆಗೆಯಲು ಅವರು ಸ್ವತಃ ಹಳ್ಳಕ್ಕಿಳಿದಾಗ ಜೊತೆಗೆ ಇಳಿದವರು, ವರ್ಷ ವರ್ಷ ಜಾತ್ರೆಯ ದಾಸೋಹಕ್ಕೆ ರೊಟ್ಟಿ ಬಡಿದು ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ತಂದುಕೊಟ್ಟವರು, ಮಠದ ವಿದ್ಯಾರ್ಥಿ ನಿಲಯದಲ್ಲಿ ಓದಿದ ಮಕ್ಕಳ ತಂದೆ ತಾಯಂದಿರು ಅವರು. ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳದ ಕಡೆಯ ಜನ ಕಾರ್ಖಾನೆಗಳ ಕಪ್ಪು ಧೂಳಿನ ಬಗ್ಗೆ ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಮನವಿ ಕೊಡುತ್ತಲೇ ಬಂದಿದ್ದರು. ಇಷ್ಟೆಲ್ಲ ವರ್ಷಗಳ ನಂಬಿಕೆ ಕೂಡಿಬಿದ್ದಿದ್ದರಿಂದ ಒಂದು ಭಾಷಣದ ತುಣುಕು ಅಷ್ಟು ದೂರ ಹೋಯಿತು. ಅದೇ ಮಾತನ್ನು ಬೇರೆ ಯಾರೋ ಮೈಕ್ ಹಿಡಿದು ಆಡಿದ್ದರೆ ಅದು ಅಂದಿನ ಹತ್ತು ವಿಡಿಯೊಗಳಲ್ಲಿ ಹನ್ನೊಂದನೆಯದಾಗುತ್ತಿತ್ತು. 2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಪೋಸ್ಕೊ ಕಾರ್ಖಾನೆಗೆ ಭೂಮಿ ಕೊಡುವುದಿಲ್ಲವೆಂದು ತೋಂಟದ ಸಿದ್ಧಲಿಂಗ ಸ್ವಾಮೀಜಿಯವರೊಡನೆ ನಿಂತು ಗೆದ್ದ ರೈತರ ಕೈಯಲ್ಲಿ ವಾಟ್ಸ್‌ಆ್ಯಪ್ ಇರಲಿಲ್ಲ ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇನ್ನು ಹೆಣ್ಣುಮಕ್ಕಳ ಮಾತು. ಮದ್ಯ ನಿಷೇಧಕ್ಕೆ ಒತ್ತಾಯಿಸಿ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು ಇನ್ನೂರು ಕಿಲೋಮೀಟರ್ ನಡೆದು, ಗಾಂಧೀಜಿಯವರು ಹುತಾತ್ಮರಾದ ಜನವರಿ 30ರಂದು ರಾಜಧಾನಿ ತಲುಪಿದ ಸಾವಿರಾರು ಮಹಿಳೆಯರಲ್ಲಿ ನಮ್ಮ ರಾಯಚೂರು ಜಿಲ್ಲೆಯವರು ದೊಡ್ಡ ಸಂಖ್ಯೆಯಲ್ಲಿದ್ದರು. ನಮ್ಮೂರಿನಿಂದ ಹೋದ ಒಂಬತ್ತು ಮಂದಿಯಲ್ಲಿ ಒಬ್ಬರ ಕೈಯಲ್ಲೂ ಸ್ಮಾರ್ಟ್‌ಫೋನ್ ಇರಲಿಲ್ಲ. ಮನೆಯಲ್ಲಿದ್ದ ಒಂದು ಫೋನ್ ಗಂಡನದೋ ಮಗನದೋ ಆಗಿತ್ತು. ಅವರನ್ನು ಹೊರಡಿಸಿದ್ದು ಸ್ವಸಹಾಯ ಸಂಘದ ವಾರದ ಸಭೆ, ಕೂಲಿ ಹೋದಲ್ಲಿ ಹೊಲದ ಬದುವಿನ ಮೇಲೆ ಕುಳಿತು ಆಡಿದ ಮಾತು, ‘ನೀನು ಬಂದರೆ ನಾನು ಬರುತ್ತೇನೆ’ ಎಂಬ ಒಬ್ಬರಿಗೊಬ್ಬರ ಹೊಣೆ. ಅಂಥ ಕಠಿಣ ನಡಿಗೆಯನ್ನು ಜಾಲತಾಣದ ಮೇಲಿನ ಚರ್ಚೆಗಳು ಮರೆತೇಬಿಡುತ್ತವೆ, ಏಕೆಂದರೆ ಅದಕ್ಕೆ ಸಾಕಷ್ಟು ವಿಡಿಯೊಗಳಿಲ್ಲ. ಚಳವಳಿಯನ್ನು ಜಾಲತಾಣದಿಂದ ಅಳೆಯಲು ಹೊರಟರೆ ಮೊದಲು ಲೆಕ್ಕದಿಂದ ಹೊರಗುಳಿಯುವವರು ಇಂಥ ಬಡ ಹೆಣ್ಣುಮಕ್ಕಳೇ.

ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ 13ರಂದು ಆರಂಭವಾದ ಧರಣಿ ಸಾವಿರ ದಿನಗಳನ್ನು ದಾಟಿತು. ರಾಯಚೂರು ಕೇಳಿದ್ದ ಐಐಟಿ ಧಾರವಾಡಕ್ಕೆ ಹೋದಾಗ ಆದ ನೋವು ಅದರ ಬೆನ್ನಿಗಿತ್ತು, ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಬಂದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಅದರ ಕೈಯಲ್ಲಿತ್ತು. ರಾಜ್ಯ ಸರ್ಕಾರ ರಾಯಚೂರಿನ ಹೆಸರನ್ನು ಕೇಂದ್ರಕ್ಕೆ ಶಿಫಾರಸು ಮಾಡುವಂತಾದದ್ದು ಆ ಪಟ್ಟಿನಿಂದಲೇ. ಜಾಲತಾಣದಲ್ಲಿ ಯಾವ ವಿಷಯವೂ ಸಾವಿರ ದಿನ ಇರುವುದಿಲ್ಲ. ಒಂದು ವಾರ ಇದ್ದರೆ ಹೆಚ್ಚು. ಮೇ ತಿಂಗಳ ರಾಯಚೂರಿನ ಬಿಸಿಲು ಎಂಥದೆಂದು ಬಲ್ಲವರಿಗೆ, ಆ ಶಾಮಿಯಾನದ ಕೆಳಗೆ ಮೂರು ಬೇಸಿಗೆಗಳನ್ನು ಕಳೆಯುವುದಕ್ಕೆ ಎಂಥ ಗಟ್ಟಿತನ ಬೇಕೆಂಬುದು ಅರ್ಥವಾದೀತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ವೈಜನಾಥ ಪಾಟೀಲರು ಮತ್ತು ಅವರ ಸಂಗಡಿಗರು ನಡೆಸಿದ ದೀರ್ಘ ಹೋರಾಟವೂ ಇದೇ ಜಾತಿಯದು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಆ ತಿದ್ದುಪಡಿಯನ್ನು ಅಂಗೀಕರಿಸುವವರೆಗೆ ಅವರು ಕೈಚೆಲ್ಲಲಿಲ್ಲ.

ಜಾಲತಾಣ ನಿಜವಾಗಿಯೂ ದೊಡ್ಡ ಕೆಲಸ ಮಾಡಿದ ಸಂದರ್ಭವೂ ನಮ್ಮ ಜಿಲ್ಲೆಯದೇ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2022ರ ಗಣರಾಜ್ಯೋತ್ಸವದ ದಿನ ರಾಯಚೂರಿನ ನ್ಯಾಯಾಲಯದ ಆವರಣದಲ್ಲಿ ಬಾಬಾಸಾಹೇಬ ಅಂಬೇಡ್ಕರರ ಭಾವಚಿತ್ರವನ್ನು ತೆಗೆಸಲಾಯಿತು ಎಂಬ ಆರೋಪ ಕೇಳಿಬಂದಾಗ, ಆ ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸಿದ್ದು ದಲಿತ ಯುವಕರ ಮೊಬೈಲುಗಳು. ದೊಡ್ಡ ಮಾಧ್ಯಮಗಳು ಕೊಡಬೇಕಾದಷ್ಟು ಜಾಗ ಕೊಡದ ಸುದ್ದಿಯೊಂದು ಊರೂರಿಗೆ ಹೋಯಿತು. ಫೆಬ್ರುವರಿ 19ರಂದು ಬೆಂಗಳೂರಿನಲ್ಲಿ ಸೇರಿದ ಜನಸಾಗರವನ್ನು ಕಂಡವರು ಅದನ್ನು ಮರೆಯಲಾರರು. ಯಾರ ಮಾತಿಗೆ ಬೇರೆಡೆ ಬಾಗಿಲು ಮುಚ್ಚಿರುತ್ತದೋ ಅವರಿಗೆ ಜಾಲತಾಣ ಬಾಗಿಲು ತೆರೆಯುತ್ತದೆ ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ, ಮತ್ತು ಆ ಕಾರಣಕ್ಕಾಗಿಯೇ ಇಂಟರ್‌ನೆಟ್ ಸ್ಥಗಿತಗೊಳಿಸುವ ಸರ್ಕಾರಗಳ ಚಾಳಿಯನ್ನು ವಿರೋಧಿಸುತ್ತೇನೆ. ಆದರೂ ಅಂದು ಲಾರಿ, ರೈಲು ಹತ್ತಿಸಿ ಜನರನ್ನು ಕರೆದೊಯ್ದದ್ದು ದಲಿತ ಸಂಘಟನೆಗಳು. ನಾಲ್ಕಾರು ದಶಕಗಳಿಂದ ಕೇರಿ ಕೇರಿಗಳಲ್ಲಿ ಅವು ನಡೆಸಿಕೊಂಡು ಬಂದ ಸಭೆಗಳು, ಹಾಡುಗಳು, ಜಯಂತಿಗಳು ಇಲ್ಲದಿದ್ದರೆ ಆ ಸುದ್ದಿ ಕೋಪವಾಗಿ ಉಳಿಯುತ್ತಿತ್ತೇ ಹೊರತು ಮೆರವಣಿಗೆಯಾಗುತ್ತಿರಲಿಲ್ಲ.

ಹೊರದೇಶಗಳ ಉದಾಹರಣೆ ಕೊಡುವವರು ಆ ಕಥೆಗಳನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಈಜಿಪ್ಟಿನಲ್ಲಿ 2011ರ ಜನವರಿ 25ರ ಕರೆ ಫೇಸ್‌ಬುಕ್ಕಿನಿಂದ ಹರಡಿದ್ದು ನಿಜ. ಆದರೆ ಸರ್ಕಾರ ಇಂಟರ್‌ನೆಟ್ ಕಡಿದುಹಾಕಿದ ಜನವರಿ 28ರಂದೇ, ಶುಕ್ರವಾರದ ಪ್ರಾರ್ಥನೆ ಮುಗಿಸಿ ಮಸೀದಿಗಳಿಂದ ಹೊರಬಂದ ಜನ ಹಿಂದೆಂದಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಬೀದಿಗಿಳಿದರು. ಫೆಬ್ರುವರಿ 11ರಂದು ಅಧ್ಯಕ್ಷ ಮುಬಾರಕ್ ಅಧಿಕಾರದಿಂದ ಇಳಿದರು. ಆಮೇಲೇನಾಯಿತು? ಚುನಾವಣೆಯಲ್ಲಿ ಅಧಿಕಾರ ಸಿಕ್ಕಿದ್ದು ದಶಕಗಳಿಂದ ಸಂಘಟಿತವಾಗಿದ್ದ ಮುಸ್ಲಿಂ ಬ್ರದರ್‌ಹುಡ್‌ಗೆ, 2013ರ ಜುಲೈಯಲ್ಲಿ ಅದನ್ನು ಕಿತ್ತುಕೊಂಡದ್ದು ಅದಕ್ಕಿಂತಲೂ ಸಂಘಟಿತವಾದ ಸೈನ್ಯ. ಫೇಸ್‌ಬುಕ್ಕಿನಲ್ಲಿ ಕರೆ ಕೊಟ್ಟ ಯುವಕರ ಪಾಲಿಗೆ ಬಂದದ್ದು ಜೈಲು. ನೇಪಾಳದಲ್ಲಿ 2025ರ ಸೆಪ್ಟೆಂಬರ್ 4ರಂದು ಸರ್ಕಾರ 26 ಜಾಲತಾಣಗಳನ್ನು ನಿರ್ಬಂಧಿಸಿತು, 8ರಂದು ಯುವಕರು ಬೀದಿಗೆ ಬಂದರು, ಅಂದೇ 19 ಜೀವಗಳು ಹೋದವು, 9ರಂದು ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಅಷ್ಟು ವೇಗ ಜಾಲತಾಣದಿಂದಲೇ ಬಂತು, ಅನುಮಾನವಿಲ್ಲ. ಆದರೆ ಆ ಸಿಟ್ಟು ನಿರುದ್ಯೋಗದ್ದು, ಭ್ರಷ್ಟಾಚಾರದ್ದು, ಕೂಲಿಗಾಗಿ ಕೊಲ್ಲಿ ದೇಶಗಳಿಗೆ ಹೋಗುವ ಅಣ್ಣ ತಮ್ಮಂದಿರದ್ದು. ಜಾಲತಾಣದ ನಿರ್ಬಂಧ ಅದಕ್ಕೆ ಬಿದ್ದ ಕಿಡಿ. ಅದೇ 9ರಂದು ಸಂಸತ್ ಭವನಕ್ಕೂ ಸರ್ಕಾರದ ಸಚಿವಾಲಯವಾದ ಸಿಂಹ ದರ್ಬಾರಿಗೂ ಬೆಂಕಿ ಬಿದ್ದಾಗ ‘ನಿಲ್ಲಿ’ ಎಂದು ಹೇಳಿ ನಿಲ್ಲಿಸಬಲ್ಲ ಮುಂದಾಳು ಯಾರೂ ಇರಲಿಲ್ಲ ಎಂಬುದನ್ನೂ ಹೇಳಬೇಕಲ್ಲವೇ?

ಇದಕ್ಕೆ ವಿರುದ್ಧವಾಗಿ ಮೂರು ಕೃಷಿ ಕಾಯ್ದೆಗಳ ವಿರುದ್ಧ ದೆಹಲಿಯ ಗಡಿಗಳಲ್ಲಿ 2020ರ ನವೆಂಬರ್ 26ರಿಂದ ಒಂದು ವರ್ಷಕ್ಕೂ ಮಿಕ್ಕಿ ಕುಳಿತ ರೈತರನ್ನು ನೆನೆಯಿರಿ. ಅವರೂ ಜಾಲತಾಣವನ್ನು ಚೆನ್ನಾಗಿ ಬಳಸಿದರು. ಅವರ ಹಲವು ಖಾತೆಗಳನ್ನು ತಡೆಹಿಡಿಯಲಾಯಿತು, ಗಡಿಗಳಲ್ಲಿ ಇಂಟರ್‌ನೆಟ್ ನಿಲ್ಲಿಸಲಾಯಿತು, ಧರಣಿ ಕದಲಲಿಲ್ಲ. ಪಂಜಾಬಿನ ರೈತ ಸಂಘಟನೆಗಳು ಅದಕ್ಕೆ ಮೊದಲೇ ತಿಂಗಳುಗಟ್ಟಲೆ ಹಳ್ಳಿಗಳಲ್ಲಿ ಸಭೆ ನಡೆಸಿದ್ದವು, ಯಾವ ಊರಿನಿಂದ ಯಾವ ವಾರ ಎಷ್ಟು ಟ್ರ್ಯಾಲಿ ಬರಬೇಕೆಂಬ ಪಾಳಿ ಇತ್ತು, ಎಲ್ಲರಿಗೂ ಊಟ ಹಾಕುವ ಲಂಗರ್ ಇತ್ತು, ಸರ್ಕಾರದೊಡನೆ ಮಾತನಾಡಲು ಯಾರು ಹೋಗಬೇಕೆಂಬ ಒಪ್ಪಂದವಿತ್ತು. 2021ರ ನವೆಂಬರ್ 19ರಂದು ಕಾಯ್ದೆಗಳನ್ನು ಹಿಂಪಡೆಯುವ ಘೋಷಣೆಯಾಯಿತು.

ಸುಳ್ಳು ಸುದ್ದಿಯ ಬಗ್ಗೆ ಎಲ್ಲರೂ ಬರೆಯುತ್ತಾರಾದ್ದರಿಂದ ಹೆಚ್ಚು ಹೇಳುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನನ್ನ ಮೊಬೈಲಿಗೇ ಬೇರೆ ಯಾವುದೋ ದೇಶದ ಅಣೆಕಟ್ಟು ಒಡೆಯುವ ದೃಶ್ಯ ಬಂತು. ನದಿ ದಂಡೆಯ ಊರಿನಲ್ಲಿರುವ ನನ್ನ ತಂಗಿ ಅದನ್ನು ನಂಬಿ ದನ ಬಿಚ್ಚಿಕೊಂಡು ರಾತ್ರೋರಾತ್ರಿ ಮನೆ ಬಿಟ್ಟಿದ್ದಳು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಒಬ್ಬ ನಿರಪರಾಧಿ ಯುವಕನ ಪ್ರಾಣ ಹೋಯಿತು. ಅಂಥ ಹತ್ಯೆಗಳ ನಂತರವೇ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಭಾರತದಲ್ಲಿ ಮಿತಿ ಹಾಕಿದ್ದು. ಗುಂಪು ಸೇರಿಸುವ ಶಕ್ತಿ ಜಾಲತಾಣಕ್ಕಿದೆ ಎಂಬುದಕ್ಕೆ ಇದೂ ಸಾಕ್ಷಿಯೇ. ಗುಂಪು ಸೇರಿದ ಮಾತ್ರಕ್ಕೆ ಅದು ಚಳವಳಿಯಾಗುವುದಿಲ್ಲ ಎಂಬುದಕ್ಕೂ ಇದೇ ಸಾಕ್ಷಿ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ‘ಎಲ್ಲವೂ ಮೊಬೈಲಿನಲ್ಲಿ ಆಗುತ್ತದೆ’ ಎಂಬ ನಂಬಿಕೆಯಿಂದ ನಮ್ಮ ಸಂಘಟನೆಗಳೇ ಸೊರಗುತ್ತಿವೆ. ಮೊದಲು ತಾಲ್ಲೂಕು ಕಚೇರಿಯ ಮುಂದೆ ಒಂದು ದಿನದ ಧರಣಿ ಎಂದರೆ ಹದಿನೈದು ದಿನ ಮೊದಲೇ ಊರೂರು ಸುತ್ತುತ್ತಿದ್ದರು, ಡಂಗುರ ಹಾಕಿಸುತ್ತಿದ್ದರು, ರಾತ್ರಿ ಗುಡಿಕಟ್ಟೆಯ ಮೇಲೆ ಸಭೆ ಸೇರಿಸಿ ಎದುರು ಮಾತನಾಡುವವರನ್ನೂ ಕೂಡಿಸಿಕೊಂಡು ಮಾತನಾಡುತ್ತಿದ್ದರು. ಈಗ ಗುಂಪಿನಲ್ಲಿ ಒಂದು ಸಂದೇಶ ಹಾಕಿ, ಕೆಳಗೆ ಐವತ್ತು ಹೆಬ್ಬೆರಳುಗಳನ್ನು ಎಣಿಸಿ, ಮರುದಿನ ಎಂಟು ಮಂದಿ ಬಂದಾಗ ಜನರಿಗೆ ಕಾಳಜಿಯಿಲ್ಲ ಎಂದು ಬೇಸರಪಡುತ್ತಾರೆ. ಮನವಿ ಪತ್ರ ಕೊಡುವಾಗಿನ ಫೋಟೊ ಹೋಗುತ್ತದೆ. ಆ ಮನವಿಗೆ ಏನು ಉತ್ತರ ಬಂತು ಎಂದು ಹದಿನೈದು ದಿನ ಬಿಟ್ಟು ಹೋಗಿ ಕೇಳುವವರಿಲ್ಲ. ಅಧಿಕಾರಿಗಳೂ ಇದನ್ನು ಚೆನ್ನಾಗಿ ಅರಿತುಕೊಂಡಿದ್ದಾರೆ. ಎರಡು ದಿನ ತಡೆದುಕೊಂಡರೆ ಮೂರನೆಯ ದಿನ ಜನರ ಗಮನ ಬೇರೆಡೆ ಹೋಗುತ್ತದೆ ಎಂಬ ಧೈರ್ಯ ಅವರ ಮುಖದಲ್ಲೇ ಕಾಣುತ್ತದೆ.

ಪತ್ರಿಕೆಗಳ ಬಗ್ಗೆಯೂ ಒಂದು ಮಾತನ್ನು ತಾವು ಅನ್ಯಥಾ ಭಾವಿಸದೆ ಕೇಳಬೇಕು. ‘ವಿಡಿಯೊ ವೈರಲ್, ಎಚ್ಚೆತ್ತ ಅಧಿಕಾರಿಗಳು’ ಎಂಬ ತಲೆಬರಹವನ್ನು ಈಗ ವಾರಕ್ಕೊಮ್ಮೆಯಾದರೂ ಓದುತ್ತೇವೆ. ಅದನ್ನು ಓದುವ ಯುವಕನಿಗೆ ಕೆಲಸವಾಗುವುದು ಹೀಗೆಯೇ ಎನಿಸುತ್ತದೆ. ಆ ವಿಡಿಯೊಗೆ ಮೊದಲು ಎಷ್ಟು ಅರ್ಜಿ ಹೋಗಿದ್ದವು, ಯಾವ ಗ್ರಾಮಸಭೆಯಲ್ಲಿ ಆ ವಿಷಯ ಬಂದಿತ್ತು, ಯಾರು ಕೆಲಸ ಬಿಟ್ಟು ಎಷ್ಟು ಸಲ ಜಿಲ್ಲಾ ಕೇಂದ್ರಕ್ಕೆ ತಿರುಗಿದ್ದರು, ‘ಎಚ್ಚೆತ್ತ’ ಅಧಿಕಾರಿಗಳು ಆರು ತಿಂಗಳ ನಂತರ ಏನು ಮಾಡಿದ್ದಾರೆ ಎಂಬುದನ್ನು ತಮ್ಮ ವರದಿಗಾರರು ಬರೆದರೆ ನಮ್ಮಂಥವರ ಹತ್ತು ಭಾಷಣಗಳಿಗಿಂತ ಹೆಚ್ಚಿನ ಉಪಕಾರವಾಗುತ್ತದೆ.

ನಮ್ಮ ಹಿರಿಯ ರೈತರು ಎರಡು ವರ್ಷಗಳ ಹಿಂದೆ ತೀರಿಕೊಂಡರು. ಅವರ ನೋಟ್‌ಬುಕ್ಕುಗಳು ಈಗ ನಮ್ಮೂರಿನ ಗ್ರಂಥಾಲಯದ ಕಪಾಟಿನಲ್ಲಿವೆ. ಗೇಜ್ ಓದುವ ಕೆಲಸವನ್ನು ಅಂದು ವಿಡಿಯೊ ಮಾಡಿದ ಹುಡುಗನೇ ವಹಿಸಿಕೊಂಡಿದ್ದಾನೆ. ಅವನು ಬೆಳಿಗ್ಗೆ ಕಾಲುವೆಗೆ ಹೋಗಿ, ಗೇಜಿನ ಪಕ್ಕದಲ್ಲಿ ಆ ದಿನದ ಪತ್ರಿಕೆಯ ಮೊದಲ ಪುಟ ಹಿಡಿದು ಫೋಟೊ ತೆಗೆದು ಮೇಲ್ಭಾಗದ, ಕೆಳಭಾಗದ ಎರಡೂ ಕಡೆಯ ರೈತರಿರುವ ಗುಂಪಿಗೆ ಹಾಕುತ್ತಾನೆ. ಮನೆಗೆ ಬಂದು ಅದನ್ನೇ ಪುಸ್ತಕದಲ್ಲಿ ಶಾಯಿಯಿಂದ ಬರೆಯುತ್ತಾನೆ. ಗುಂಪಿನಲ್ಲಿ ಬೈಗುಳ ಬರೆದವರ ಮನೆಗೆ ಅವನೇ ಹೋಗಿ ಚಹಾ ಕುಡಿದು ಬರುತ್ತಾನೆ. ತಮ್ಮ ವರದಿಗಾರರು ಈ ಕಡೆ ಬರುವುದಾದರೆ ಆ ಪುಸ್ತಕಗಳನ್ನು ಮೊದಲ ಪುಟದಿಂದ ತೋರಿಸಲು ನಾವು ಸಿದ್ಧರಿದ್ದೇವೆ. ಬೆಳಿಗ್ಗೆ ಏಳು ಗಂಟೆಯೊಳಗೆ ಬಂದರೆ ಗೇಜ್ ಓದುವುದನ್ನೂ ನೋಡಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ,
ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ